ಅಕ್ಕನ ಕೆರೆ ಹಸಿರಾದ ವರ್ಷ

ಕವಿತಾಳದ ಹತ್ತಿರ ನಮ್ಮಕ್ಕ ಸಣ್ಣದೊಂದು ಕೆರೆಯನ್ನು ಗುತ್ತಿಗೆಗೆ ಹಿಡಿದು ಮೀನು ಬಿಟ್ಟಿದ್ದಳು. ಭಾವ ತೀರಿಕೊಂಡ ಮೇಲೆ ತಾನೇ ಮುಂದೆ ನಿಂತು ಮಾಡಿದ ಮೊದಲ ಕೆಲಸ. “ನಿನ್ನ ಕೈಲಿ ಆಗೂದಿಲ್ಲ ಬಿಡ ಬೇ” ಎಂದಿದ್ದವರಿಗೆಲ್ಲ ದಪ್ಪ ಕಾಟ್ಲಾ ಮೀನು ಹಿಡಿದು ತೋರಿಸಬೇಕಿತ್ತು ಅವಳಿಗೆ.

ಕೆರೆಯ ಮೇಲ್ಗಡೆ ಗೌಡರೊಬ್ಬರ ಭತ್ತದ ಗದ್ದೆ. ಲಿಂಗ ಕಟ್ಟಿದವರು, ಮೀನಿನ ಬುಟ್ಟಿ ಎದುರಾದರೆ ದಾರಿ ಬದಲಿಸುವವರು. ಅವರ ಗದ್ದೆಯಿಂದ ಬಸಿದ ನೀರು ಹಳ್ಳ ಸೇರಿ ನದಿಗೆ ಹೋಗುತ್ತಿತ್ತು. ಅದರಲ್ಲಿ ಯೂರಿಯಾ ಕರಗಿರುತ್ತದೆಂದು ಅಕ್ಕನಿಗೆ ಗೊತ್ತು. ಹಸಿರು ಪಾಚಿ ಮೀನಿಗೆ ಮೇವಾಗಲೆಂದು ಸಾಕುವವರು ಕೆರೆಗೆ ಸೆಗಣಿ, ಗೊಬ್ಬರ ಹಾಕುವುದುಂಟು. ಇಲ್ಲಿ ಬಿಟ್ಟಿ ಸಿಗುತ್ತಿತ್ತಲ್ಲ! “ಗೌಡ್ರ, ಹಳ್ಳಕ್ಕ ಯಾಕ ಬಿಡ್ತೀರಿ? ನಮ್ಮ ಕೆರಿಗೆ ಹಾಯಿಸ್ರೀ” ಎಂದು ಕೇಳಿದಳು. ಅವರು ಬದು ಕಡಿದುಕೊಟ್ಟರು.

ನೀರು ಹಸಿರಾಯಿತು, ಮೀನು ಬೆಳೆದವು. ಅಕ್ಕ ಬದುವನ್ನು ಮತ್ತೆ ಮುಚ್ಚಿಸಲಿಲ್ಲ. ಗೊಬ್ಬರದ ನೀರು ಬರುತ್ತಲೇ ಇತ್ತು, ಪಾಚಿ ಕೆನೆಗಟ್ಟಿತು. ಅಷ್ಟರಲ್ಲಿ ಮೋಡ ಕವಿಯಿತು. ಬಿಸಿಲಿಲ್ಲದೆ ಪಾಚಿ ಸತ್ತು ಕೊಳೆಯತೊಡಗಿ, ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ನುಂಗಿತು. ಮಾನ್ವಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಭಾನುವಾರ ಬೆಳಿಗ್ಗೆ ಹೋದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೀರಿಗೆ ಗಾಳಿ ಬೆರೆಯಲೆಂದು ಅಕ್ಕ ಸೀರೆ ಎತ್ತಿಕಟ್ಟಿ, ಕೆರೆಯಲ್ಲಿ ನಿಂತು ಬೇವಿನ ಟೊಂಗೆಯಿಂದ ಬಡಿಯುತ್ತಿದ್ದಳು.

ದಂಡೆಯ ಮೇಲೆ ಗೌಡರನ್ನು ಕಂಡದ್ದೇ ನನಗೆ ಸಿಟ್ಟು ನೆತ್ತಿಗೇರಿತು. “ನೋಡ್ರಿ ನಿಮ್ಮ ಗೊಬ್ಬರದ ಪ್ರತಾಪ!”

“ಸುಮ್ನಿರ ಬೇ!” ಅಕ್ಕ ನೀರಿನಿಂದಲೇ ಗದರಿದಳು. “ನಾನಾ ಬೇಡಿ ಹಾಯಿಸ್ಕೊಂಡೀನಿ.”

ಗೌಡರು ಅವಳನ್ನೇ ಕೇಳಿದರು: “ಹೊಸಾ ನೀರು ಬಂದ್ರ ಉಳಿತಾವೇನವ್ವಾ?”

ಅಕ್ಕ ಹೂಂ ಎಂದಳು. ಅವತ್ತು ಕಾಲುವೆ ನೀರಿನ ಪಾಳಿ ಗೌಡರದು, ಭತ್ತ ತೆನೆ ಬಿಡುವ ಹೊತ್ತು ಬೇರೆ. ಆದರೂ ಬದು ಮುಚ್ಚಿ, ತಮ್ಮ ಪಾಲಿನ ನೀರಷ್ಟನ್ನೂ ಕೆರೆಗೆ ತಿರುಗಿಸಿದರು. ಆಮೇಲೆ ಧೋತರ ಮೇಲೆ ಕಟ್ಟಿ ತಾವೂ ಇಳಿದು ಟೊಂಗೆ ಹಿಡಿದರು. ನಾನು ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಮಧ್ಯಾಹ್ನದ ಹೊತ್ತಿಗೆ ಮೀನುಗಳು ತಳಕ್ಕೆ ಇಳಿದವು. ಸತ್ತವು ಸತ್ತವು, ಬಹಳಷ್ಟು ಉಳಿದವು. ಅಕ್ಕ ದಂಡೆಯ ಮೇಲೆ ಕೂತು ಮನಸಾರೆ ಅತ್ತಳು.

ಮೀನು ಹಿಡಿಯುವ ದಿನ ರಾಯಚೂರಿನ ವ್ಯಾಪಾರಿ ಗಾಡಿ ತಂದ. ಅಕ್ಕನ ಮುಖ ನೋಡಬೇಕಿತ್ತು! ಆದರೆ ಗೌಡರು ಮುಂಜಾನೆಯೇ ಬಸ್ ಹತ್ತಿ ದೇವದುರ್ಗಕ್ಕೆ ಹೋಗಿಬಿಟ್ಟಿದ್ದರು. ಅವರಿಗೆ ಮೀನಂತೂ ಕೊಡುವಂತಿಲ್ಲವೆಂದು, ಪಾಪ, ಅಕ್ಕ ಕಾಯಿ, ಹಣ್ಣು ತಂದಿಟ್ಟಿದ್ದಳು.

ಮರುದಿನ ಸಿಕ್ಕಾಗ ಅಕ್ಕ ಬಿಡಲಿಲ್ಲ. “ಏನ್ರಿ ಗೌಡ್ರ, ಉಳಿಸಿದವರು ನೀವು. ನಿನ್ನಿ ಒಂದೀಟು ಬಂದು ನಿಂತಿದ್ರ ಏನಾಗ್ತಿತ್ತು?”

ಗೌಡರು ಕೆರೆಯ ಕಡೆ ನೋಡಲಿಲ್ಲ. “ಅವತ್ತು ನೀರಾಗ ನಿಂತಾಗ ಮೀನು ಬಂದು ಬಂದು ನನ್ನ ಕಾಲಿಗೆ ಬಾಯಿ ಹಚ್ಚತಿದ್ವು ತಂಗಿ. ಅವು ಬಲ್ಯಾಗ ಸಿಕ್ಕೊಂಡದ್ದು ಹೆಂಗ ನೋಡ್ಲಿ?”

ಯಾರಿಗೂ ಮಾತು ಬಾಕಿ ಇಡದ ನಮ್ಮಕ್ಕ, ಹಣ್ಣಿನ ಚೀಲವನ್ನು ಎರಡೂ ಕೈಯಿಂದ ಅವರ ಮುಂದೆ ಹಿಡಿದಳು.