ಕಡತ ಸೇರಿದ ಬಾಗಿಲು

“ನೋಡಿ ಮೇಷ್ಟ್ರೇ, ಕಳ್ಳ ತಾನೇ ಬರೆದು ಒಪ್ಕೊಂಡಿದಾನೆ” ಎನ್ನುತ್ತ ರಿಮ್ಯಾಂಡ್ ಹೋಮಿನ ಸೂಪರಿಂಟೆಂಡೆಂಟರು ನನ್ನ ವಿದ್ಯಾರ್ಥಿಯ ಇಂಗ್ಲಿಷ್ ಹಾಳೆಯನ್ನು ಅವನ ಕೇಸಿನ ಕಡತಕ್ಕೆ ಸೇರಿಸಿದರು.

ಅದು ಅರವತ್ತರ ದಶಕ. ಆ ಹೋಮಿನ ಹುಡುಗರಿಗೆ ಇಂಗ್ಲಿಷ್ ಕಲಿಸುತ್ತಿದ್ದ ನಾನು, ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಲು ಹೇಳಿದ್ದೆ. ಹೊಸನಗರದ ಕಡೆಯ ಆ ಹುಡುಗ, ‘ಅದು ನನ್ನ ಮನೆ. ಅದು ನನ್ನ ಬಾಗಿಲು. ಬಾಗಿಲು ಕಿತ್ತವನು ನಾನು’ ಎಂದು ಬರೆದಿದ್ದ. ಅಣೆಕಟ್ಟಿನ ನೀರಿಗೆ ಮುಳುಗಲಿದ್ದ ಅವನ ಮನೆಯನ್ನು ಸರ್ಕಾರ ವಶಪಡಿಸಿಕೊಂಡಿತ್ತು. ಅದರ ಬಾಗಿಲು ಹೊತ್ತು ತಂದದ್ದೇ ಅವನು ಮಾಡಿದ ಕಳವು.

“ಅಜ್ಜ ಮಾಡ್ಸಿದ್ ಬಾಗ್ಲು ಸಾ. ನೀರಿಗೆ ಬಿಟ್ರೆ ತಪ್ಪಲ್ಲ, ತಂದ್ರೆ ತಪ್ಪಾ?” ಎಂದು ಮೇಜಿನ ಪಕ್ಕ ನಿಂತಿದ್ದ ಹುಡುಗ ಕೇಳಿದ. ಸೂಪರಿಂಟೆಂಡೆಂಟರು ತಲೆಯೆತ್ತದೆ ಕಡತದ ದಾರ ಬಿಗಿದರು.

ಇಂದಿಗೂ ಮೈ ಉರಿಯುತ್ತದೆ. ಆ ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಬರೆದು ಸಹಿ ಹಾಕಿದವನು ನಾನೇ.