ಆರುನೂರ ಹನ್ನೆರಡು ಪ್ರತಿ, ಒಂದು ಮೈನಸ್ ಐದು

ಭಾನುವಾರ ಬೆಳಗಿನ ಐದೂಕಾಲು. ಮುಂಬಯಿ ಹತ್ತಿರದ ಕಲ್ಯಾಣದ ಗೋದಾಮಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್. ಜಯಲತಾ ಟೀಚರು ಗೋಣಿ ಹಾಸಿಕೊಂಡು ನೆಲದ ಮೇಲೆ ಕೂತು, ಒಂಬತ್ತನೇ ತರಗತಿಯ ಗಣಿತ ಗೈಡಿನ ಕಟ್ಟು ಬಿಚ್ಚುತ್ತಾರೆ. ಪುಟ 143, ಉತ್ತರಗಳ ಸಾಲು. 13ನ್ನು ಕರಿಶಾಯಿಯಿಂದ ಹೊಡೆದು ಪಕ್ಕದಲ್ಲಿ −5 ಬರೆಯುತ್ತಾರೆ. ಶಾಯಿ ಆರಲೆಂದು ಮೆಲ್ಲಗೆ ಊದುತ್ತಾರೆ. ಮುಂದಿನ ಪ್ರತಿ. ಒಟ್ಟು 612. ಹತ್ತಕ್ಕೆ ಟೆಂಪೊ ಬರುತ್ತದೆ. ಅಷ್ಟರೊಳಗೆ ತಿದ್ದದೆ ಉಳಿದವು ತಪ್ಪು ಹೊತ್ತುಕೊಂಡೇ ಅಂಗಡಿ ಸೇರುತ್ತವೆ.

ಐವತ್ತೇಳರ ಟೀಚರಿಗೆ ಊರು ಉಡುಪಿಯ ಕಡೆ, ಮನೆ ಡೊಂಬಿವಲಿಯ ಒಂದು ಕೋಣೆ. ಕಲಿಸುತ್ತಿದ್ದ ಕನ್ನಡ ಶಾಲೆ ಮಕ್ಕಳಿಲ್ಲದೆ 2004ರಲ್ಲಿ ಮುಚ್ಚಿತು. ಅಂದಿನಿಂದ ಏಳು ವರ್ಷ, ಗೈಡುಗಳ ಹಿಂದಿನ ಪುಟದ ಉತ್ತರ ಸರಿಯೇ ಎಂದು ನೋಡುವುದೇ ಕಸುಬು. ದೇವರಿಗೆ ದೀಪ ಹಚ್ಚಿ ಕೂತರೆ ದಿನಕ್ಕೆ ನೂರಿಪ್ಪತ್ತು ಲೆಕ್ಕ. ಘಾತ, ವರ್ಗಮೂಲ, ಘನಮೂಲ. ಒಂದೊಂದನ್ನೂ ಎರಡು ಸಲ ಬಿಡಿಸುತ್ತಾರೆ. ಪುಸ್ತಕದಲ್ಲಿ ಅವರ ಹೆಸರಿಲ್ಲ. ಅವರಿರುವ ಕಟ್ಟಡದ ಸೊಸೈಟಿಯವರಿಗೆ ಅವರೇನು ಮಾಡುತ್ತಾರೆಂದೂ ಗೊತ್ತಿಲ್ಲ.

"ಮಾತಾಡ್ಲಿಕ್ಕೆ ಯಾರುಂಟು? ಲೆಕ್ಕದ ಹತ್ರವೇ ಮಾತಾಡ್ತೇನೆ. ಅವು ಎದುರು ಮಾತಾಡುವುದಿಲ್ಲ" ಎಂದು ನಗುತ್ತಾರೆ. ಆಮೇಲೆ ನಗು ಇಳಿಯುತ್ತದೆ. "ನಾನು ನೋಡಿದ್ದನ್ನು ಮತ್ತೆ ನೋಡುವವರು ಯಾರೂ ಇಲ್ಲ. ಅದೇ ಹೆದರಿಕೆ."

ಹೆದರಿದ್ದೇ ಆಯಿತು. ಹಳೆಯ ಗೈಡಿನಲ್ಲಿ (−3)² + √16 ಎಂಬ ಲೆಕ್ಕವಿತ್ತು, ಉತ್ತರ 13. ಹೊಸ ಅಚ್ಚಿನಲ್ಲಿ ಕಂಸ ಬಿದ್ದುಹೋಗಿ −3² + √16 ಆಯಿತು. ಏಳು ವರ್ಷದಿಂದ ಬಾಯಿಪಾಠವಾಗಿದ್ದ ಲೆಕ್ಕ. ಟೀಚರು ಬಿಡಿಸಲಿಲ್ಲ, ನೆನಪಿನಿಂದಲೇ ಸರಿಗುರುತು ಹಾಕಿದರು.

"ಘಾತ ಅಂದ್ರೆ ತಾನು ಮುಟ್ಟಿದವನಿಗೆ ಮಾತ್ರ. ಮೈನಸ್ ಜಗಲಿಯಲ್ಲಿ ನಿಂತ ನೆಂಟ. ಕಂಸದ ಬಾಗಿಲು ತೆಗೆದು ಒಳಗೆ ಕರೆದ್ರೆ ಅವನಿಗೂ ಊಟ, ಇಲ್ಲದಿದ್ರೆ ಇಲ್ಲ. ಮೂರರ ವರ್ಗ ಒಂಬತ್ತು, ಹೊರಗಿನ ಮೈನಸ್ ಸೇರಿ ಮೈನಸ್ ಒಂಬತ್ತು. ಹದಿನಾರರ ಮೂಲ ನಾಲ್ಕು. ಕೂಡಿಸಿದ್ರೆ ಮೈನಸ್ ಐದು. ಊರಿಗೆಲ್ಲ ಹೇಳಿಕೊಟ್ಟವಳು ನಾನೇ!"

ಹೊಸ ಅಚ್ಚಿನ ಒಂದಿಷ್ಟು ಪ್ರತಿ ಆಗಲೇ ಅಂಗಡಿಗೆ ಹೋಗಿದ್ದವು. ಹೋದ ವಾರ ಖಾರಘರದ ಪೂಜಿತಾ ಎಂಬ ಹುಡುಗಿ ಗೈಡಿನಲ್ಲಿ ಅಚ್ಚಾದ ನಂಬರಿಗೆ ಫೋನು ಮಾಡಿದ್ದಳು; ಎತ್ತಿದ್ದು ಟೀಚರು. ನಾಲ್ಕು ಸಲ ಮಾಡಿದರೂ −5 ಬರುತ್ತದೆ ಎಂದಳು. "ಪುಸ್ತಕದ್ದೇ ಸರಿ, ಇನ್ನೊಮ್ಮೆ ಮಾಡು" ಎಂದರು ಟೀಚರು. ಹುಡುಗಿ ತನ್ನ ಉತ್ತರ ಅಳಿಸಿದಳು. ತನಗೆ ಗಣಿತ ಬಾರದು, ಸೋಮವಾರ ಶಾಲೆಯಲ್ಲಿ ಸುಲಭದ ಗಣಿತಕ್ಕೆ ಬದಲಾಗುವ ಫಾರ್ಮ್ ಕೊಡುತ್ತೇನೆ ಎಂದಳು. ನಿನ್ನೆ ಯಾಕೋ ಮನಸ್ಸು ತಡೆಯದೆ ಟೀಚರು ಪುಟ ತೆಗೆದು ನೋಡಿದರು. ಕಂಸ ಇರಲಿಲ್ಲ.

ಗೈಡಿನ ಮಾಲಕ ಗುಣಪಾಲರು ಚಹಾ ಹಿಡಿದು ಬರುತ್ತಾರೆ. "ಎಂಥ ಹಟ ಟೀಚರೇ ನಿಮ್ಮದು! ಲೆಕ್ಕಕ್ಕೆ ಎರಡು ಕಂಸ ಹಾಕಿಬಿಡಿ. 13 ತಾನಾಗಿ ಸರಿಯಾಗ್ತದೆ. ಪುಸ್ತಕದ ಮಾನವೂ ಉಳೀತದೆ."

"ಪುಸ್ತಕ ಸರಿಯಾಗ್ತದೆ. ಆ ಹುಡುಗಿ ತಪ್ಪಾಗ್ತಾಳಲ್ಲ?"

ಗುಣಪಾಲರು ತಲೆ ಕೆರೆದುಕೊಳ್ಳುತ್ತಾರೆ. "ನೀವುಂಟು, ನಿಮ್ಮ ಮೈನಸ್ ಉಂಟು" ಎನ್ನುತ್ತ ಚಹಾ ಇಟ್ಟು ಹೋಗುತ್ತಾರೆ. ಚಹಾ ತಣ್ಣಗಾಗುತ್ತದೆ. ಟೀಚರು ತಲೆ ಎತ್ತುವುದಿಲ್ಲ.

ಒಂಬತ್ತೂ ಮುಕ್ಕಾಲಕ್ಕೆ ಕೊನೆಯ ಪ್ರತಿ. ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡು ಖಾರಘರದ ನಂಬರು ಒತ್ತುತ್ತಾರೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಪೂಜಿತಾ ಉತ್ತರ ಕೊಡುವುದು ಹಿಂದಿಯಲ್ಲಿ.

"ಪೂಜಿತಾ, ನಿನ್ನ ಮೈನಸ್ ಐದೇ ಸರಿ ಮಗಾ. ತಪ್ಪಿದ್ದು ನಾನು."

ಆ ಕಡೆ ಗೈಡಿನ ಪುಟ ಮಗುಚುವ ಸದ್ದು. "ಲೇಕಿನ್ ಆಂಟಿ, ಬುಕ್ ಮೇ ತೋ ಥರ್ಟೀನ್ ಹೈ."

"ಬುಕ್ಕಿನ ಹದಿಮೂರನ್ನು ತಿದ್ದಿ ಆಯ್ತು. ಈಗ ನಿನ್ನ ನೋಟ್‌ಬುಕ್ ತೆಗಿ."

"ತೋ ಕಲ್ ವೋ ಫಾರ್ಮ್ ನಹೀ ದೂಂ?"

"ನಾಳೆ ಫಾರ್ಮ್ ಕೊಡುವುದೋ ಬಿಡುವುದೋ ಆಮೇಲೆ ನೋಡುವ. ಅಳಿಸಿದ್ದನ್ನು ಮೊದಲು ಬರಿ. ಪೆನ್ನಲ್ಲಿ ಬರಿ ಮಗಾ. ನಾನು ಫೋನಿನಲ್ಲೇ ಇದ್ದೇನೆ."