ಗಂಗಕ್ಕ ಆರಿಸಿದ ವೀಣೆಯ ಪುಸ್ತಕ

"ಓದುದು ನೀವು, ಕೇಳುದು ನಾನು, ಅಡ್ಡಿಯಿಲ್ಲ ಮಾಷ್ಟ್ರೇ. ಆದರೆ ಮೊದಲ ಪುಟದಿಂದ ಬೇಡ. ಅಲ್ಲಿ ಪುಸ್ತಕ ಬರೆದವರೆಲ್ಲ ದೇವರಿಗೆ ಕೈಮುಗಿದೇ ಇರ್ತಾರೆ. ವೀಣೆಯ ತಂತಿಯಡಿಗೆ ಸ್ವರದ ಮೆಟ್ಟಿಲು ಕೂರಿಸುವ ಮೇಣದ ಸಂಗತಿ ಎಲ್ಲುಂಟು, ಅದನ್ನು ಓದಿ. ಜೇನುಮೇಣಕ್ಕೆ ಇದ್ದಿಲಿನ ಹುಡಿ ಸೇರಿಸಿ ಬಿಸಿಯಲ್ಲೇ ಕೂರಿಸುದು. ಎಷ್ಟು ಸಲ ಬೆರಳು ಸುಟ್ಟುಕೊಂಡಿದ್ದೇನೆ! ನನಗೆ ಗೊತ್ತಿದ್ದದ್ದನ್ನು ಸರಿಯಾಗಿ ಬರೆದವ, ಗೊತ್ತಿಲ್ಲದ್ದನ್ನೂ ಸರಿಯಾಗಿ ಬರೆದಾನು," ಎಂದರು ಗಂಗಕ್ಕ.

ಗಂಗಕ್ಕ ಓದಿದ್ದು ಎರಡನೆಯ ಕ್ಲಾಸು. ಆದರೆ ಮಂಗಲ್ಪಾಡಿಯ ಸುತ್ತ ವೀಣೆ ಬಲ್ಲ ಹೆಣ್ಣುಮಕ್ಕಳೆಲ್ಲ ಅವರ ಜಗಲಿಯಲ್ಲಿ ಕಲಿತವರೇ. ಹಾಗಾಗಿ ಐವತ್ತೆರಡನೆಯ ಇಸವಿಯಲ್ಲಿ ಶಾಲೆಯ ವಾಚನಾಲಯಕ್ಕೆ ವೀಣೆಯ ಚರಿತ್ರೆಯ ಪುಸ್ತಕವೊಂದು ಬೇಕಾದಾಗ, ತಿರುಮಲೇಶ್ವರ ಮಾಸ್ತರರು ಮಂಗಳೂರಿನಿಂದ ನೋಡಲಿಕ್ಕೆ ತರಿಸಿದ ಮೂರನ್ನೂ ಹಿಡಿದು ಅಲ್ಲಿಗೇ ಬಂದರು. ಒಂದನ್ನು ಇಟ್ಟುಕೊಂಡು ಎರಡನ್ನು ಹಿಂದೆ ಕಳಿಸಬೇಕಿತ್ತು.

ಮೊದಲನೆಯದರಲ್ಲಿ ಮೇಣದ ಸುದ್ದಿಯೇ ಇಲ್ಲ. ಎರಡನೆಯದು ಮೆಟ್ಟಿಲನ್ನು ಮೊಳೆ ಹೊಡೆದು ಕೂರಿಸುವುದು ಎಂದಿತು.

"ಇವ ನೋಡಿದ್ದು ವೀಣೆ ಅಲ್ಲ ಮಾರಾಯ್ರೇ, ಬಾಗಿಲು!" ಎಂದು ಗಂಗಕ್ಕ ನಕ್ಕರು.

ಮೂರನೆಯದು ಮೇಣ, ಇದ್ದಿಲು ಎರಡನ್ನೂ ಹೇಳಿ, ಬೆರಕೆಯ ಪ್ರಮಾಣ ಊರೂರಿಗೆ ಬೇರೆ, ಎಲ್ಲವನ್ನೂ ತಾನು ಕಂಡಿಲ್ಲ ಎಂದು ಬರೆದಿತ್ತು. ಗಂಗಕ್ಕ ಕಣ್ಣು ಮುಚ್ಚಿಕೊಂಡು, "ಇನ್ನೂ ಓದಿ" ಎಂದರು.

ಓದುತ್ತ ಹೋದ ಮಾಸ್ತರರು ಒಂದು ಕಡೆ ತಡವರಿಸಿದರು.

"ಎಂತ, ಕನ್ನಡಕ ಜಾರಿತಾ?"

ಮಾಸ್ತರರು ಮೆಲ್ಲಗೆ ಓದಿದರು: ಇಪ್ಪತ್ತನಾಲ್ಕು ಮೆಟ್ಟಿಲು ಕೂರಿಸಿದ ಈಗಿನ ವೀಣೆ ಬಂದು ಮುನ್ನೂರು ವರ್ಷವಾಯಿತಷ್ಟೆ.

ಗಂಗಕ್ಕನ ಮನೆಯದೂ ಅಂಥದೇ ವೀಣೆ. ಅದಕ್ಕೆ ಸಾವಿರ ವರ್ಷ ಎಂದು ಅವರ ಮಾವ ಹೇಳಿದ್ದನ್ನು ಊರೆಲ್ಲ ನಂಬಿತ್ತು. ಆ ಹೆಸರಿನಿಂದಲೇ ಪ್ರತಿ ನವರಾತ್ರಿಯಲ್ಲಿ ಶಾಲೆಯ ಶಾರದಾ ಪೂಜೆಯ ಮೊದಲ ಆರತಿ ಅದಕ್ಕೆ.

ಒಳಗಿನಿಂದ ನಾದಿನಿ ಶಂಕರಿ ಅಡುಗೆಯ ಅಲಸಂಡೆಕಾಯಿಯ ಬುಟ್ಟಿ ತಂದು ಜಗಲಿಯಲ್ಲಿಟ್ಟಳು. "ಅತ್ತಿಗೆ, ಆ ಮೊಳೆಯ ಪುಸ್ತಕವೇ ಇರ್ಲಿ. ಇದನ್ನಿಟ್ಟರೆ ಆರತಿಯೂ ಹೋಯಿತು, ಮರ್ಯಾದೆಯೂ ಹೋಯಿತು. ಅಪ್ಪಯ್ಯ ಹೇಳಿದ್ದು ಸುಳ್ಳಾ ಹಾಗಾದರೆ?"

ಮಾವ ಬದುಕಿದ್ದಾಗ ಗಂಗಕ್ಕ ಒಂದು ದಿನವೂ ಅವರಿಗೆ ಎದುರಾಡಿದವರಲ್ಲ.

"ನಿನ್ನ ಅಪ್ಪಯ್ಯನಿಗೆ ವೀಣೆಯ ಮೇಲೆ ಪ್ರೀತಿ ಜಾಸ್ತಿ. ಹಾಗೆ ವರ್ಷವೂ ಜಾಸ್ತಿಯಾಯಿತು," ಎಂದರು. "ಮೇಣದಲ್ಲಿ ಸತ್ಯ ಹೇಳಿದವನನ್ನು ಇಲ್ಲಿ ಮಾತ್ರ ನಂಬುದಿಲ್ಲ ಅಂದರೆ ಹೇಗೆ? ಇದೇ ಇರಲಿ ಮಾಷ್ಟ್ರೇ. ಆರತಿ ಯಾವುದಕ್ಕೆ ಮೊದಲು ಅಂತ ನೀವೇ ನೋಡಿಕೊಳ್ಳಿ. ಮಕ್ಕಳ ಕೈಲಿ ಆ ಪುಟ ನಾನೇ ಓದಿಸ್ತೇನೆ."

ಮಾಸ್ತರರು ಉಳಿದೆರಡನ್ನು ಕಟ್ಟಿಕೊಂಡು ಎದ್ದರು. ಶಂಕರಿ ಮುಖ ಊದಿಸಿಕೊಂಡು ನಿಂತೇ ಇದ್ದಳು. ಗಂಗಕ್ಕ ಅಲಸಂಡೆಯ ಬುಟ್ಟಿಯನ್ನು ಅವಳ ಕಡೆಗೂ ಸ್ವಲ್ಪ ಸರಿಸಿ, ತಾವೊಂದು ಹಿಡಿ ತೆಗೆದುಕೊಂಡು ನಾರು ಬಿಡಿಸಿ ಮುರಿಯತೊಡಗಿದರು.